ಬೆನ್ನುನೋವೆಲ್ಲ ಡಿಸ್ಕಿನದಲ್ಲ

ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಮಾತಿಗೆ ಸಿಕ್ಕಿದಾಗ, ಯೋಗಕ್ಷೇಮದ ವಿಚಾರಣೆ ಮುಗಿಯುವಷ್ಟರಲ್ಲಿ ಬೆನ್ನುನೋವಿನ ಪ್ರಸ್ತಾಪ ಬರುವುದು ಈಗ ವಾಡಿಕೆಯಾಗಿದೆ. “ಡಿಸ್ಕ್ ಜಾರಿದೆಯಂತೆ ಸಾರ್” ಎಂದು ಒಬ್ಬರೆಂದರೆ, “ಸ್ಕ್ಯಾನಿನಲ್ಲಿ ಉಬ್ಬಿರುವುದು ಕಂಡಿದೆಯಂತೆ” ಎಂದು ಇನ್ನೊಬ್ಬರು. ನೋವಿಗೆ ಒಂದು ಹೆಸರು ದೊರೆತ ಕೂಡಲೇ ಪ್ರಶ್ನಿಸುವುದನ್ನು ನಿಲ್ಲಿಸಿಬಿಡುವ ನಮ್ಮ ಸ್ವಭಾವ ನನ್ನನ್ನು ಚಿಂತೆಗೀಡುಮಾಡಿದೆ. ನಾನು ವೈದ್ಯನಲ್ಲ, ಆದರೂ ಓದಿ ತಿಳಿದ ಒಂದು ಸಂಗತಿಯನ್ನು ನಿಮ್ಮ ಮುಂದಿಡುವುದು ಕರ್ತವ್ಯವೆನಿಸಿದೆ.

ಸ್ಲಿಪ್ ಡಿಸ್ಕ್ ಸುಳ್ಳು ಕಾಯಿಲೆಯೇನಲ್ಲ. ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕು ಹೊರಚಾಚಿ ನರವನ್ನು ಒತ್ತಿದಾಗ ನೋವು ಕಾಲಿಗೂ ಇಳಿಯುತ್ತದೆ. ಹೆಚ್ಚಿನವರಲ್ಲಿ ಅದು ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆದರೆ ಬೆನ್ನನ್ನು ಕಾಡುವ ಇನ್ನೊಂದು ರೋಗವುಂಟು: ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಬೆನ್ನುಮೂಳೆಯ ಬುಡವೂ ಸೊಂಟದ ಎಲುಬೂ ಕೂಡುವ ಕೀಲುಗಳಲ್ಲಿ ಉರಿಯೂತವನ್ನು ಉಂಟುಮಾಡುವ ಸಂಧಿವಾತವಿದು. ರಷ್ಯಾದ ನರರೋಗ ತಜ್ಞ ಬೆಖ್ಟೆರೆವ್ 1893ರಲ್ಲಿಯೇ ಇದನ್ನು ವರ್ಣಿಸಿದ್ದರು. ಚಿಕಿತ್ಸೆಯಿಲ್ಲದೆ ವರ್ಷಗಳುರುಳಿದರೆ ಕೆಲವರ ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದು, ಬೆನ್ನು ಬಿದಿರುಗಳದಂತೆ ಬಿಗಿದುಕೊಳ್ಳುತ್ತದೆ.

ನಮ್ಮಲ್ಲಿ ಕುತ್ತಿಗೆ ನೋವಿಗೆಲ್ಲ ‘ಸ್ಪಾಂಡಿಲೈಟಿಸ್’ ಎನ್ನುವ ರೂಢಿ ಬೇರೆ ಇದೆ. ವಯಸ್ಸಿನೊಡನೆ ಬರುವ ಸವೆತ ಸ್ಪಾಂಡಿಲೋಸಿಸ್. ‘ಐಟಿಸ್’ ಎಂಬ ಪ್ರತ್ಯಯಕ್ಕೆ ಉರಿಯೂತವೆಂದರ್ಥ. ಪ್ರತ್ಯಯ ಬದಲಾದರೆ ಅರ್ಥವೇ ಬದಲಾಗುತ್ತದೆಂಬುದನ್ನು ನನ್ನ ವ್ಯಾಕರಣದ ತರಗತಿಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಉರಿಯೂತದ ನೋವಿಗೆ ತನ್ನದೇ ನಡೆಯುಂಟು. ಅದು ಸಾಮಾನ್ಯವಾಗಿ ನಲವತ್ತೈದು ವರ್ಷಕ್ಕೆ ಮೊದಲು, ಸದ್ದಿಲ್ಲದೆ ಆರಂಭವಾಗಿ, ಮೂರು ತಿಂಗಳು ಕಳೆದರೂ ಬಿಡುವುದಿಲ್ಲ. ರಾತ್ರಿಯ ಉತ್ತರಾರ್ಧದಲ್ಲಿ ನಿದ್ದೆಗೆಡಿಸುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಬಿಗಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಡೆದಾಡಿದರೆ ನೋವು ಇಳಿಯುತ್ತದೆ, ಮಲಗಿದರೆ ಏರುತ್ತದೆ.

ಹಾಗಿದ್ದರೆ ಸ್ಕ್ಯಾನಿನಲ್ಲಿ ಕಂಡ ಡಿಸ್ಕಿನ ಉಬ್ಬು ಸುಳ್ಳೇ ಎಂದು ನೀವು ಕೇಳಬಹುದು. ಉಬ್ಬು ನಿಜವೇ, ಆದರೆ ನೋವಿಗೆ ಅದೇ ಕಾರಣವೆಂಬುದು ಸಿದ್ಧವಾದಂತಾಗಲಿಲ್ಲ. ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಗೆ ಎಂ.ಆರ್.ಐ. ಮಾಡಿದಾಗ ಶೇ. 52ರಷ್ಟು ಜನರಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು! ಮೇಲಾಗಿ, ಸೊಂಟದ ಮಣಿಗಳಿಗಷ್ಟೇ ತೆಗೆದ ಸ್ಕ್ಯಾನಿನಲ್ಲಿ, ಈ ರೋಗ ಮೊದಲು ತಲೆದೋರುವ ಬುಡದ ಕೀಲುಗಳು ಸರಿಯಾಗಿ ಕಾಣಿಸದೆಯೇ ಹೋಗಬಹುದು.

ನಮ್ಮ ಬಂಧುವರ್ಗದ ತರುಣನೊಬ್ಬನಿಗೆ ಆದದ್ದು ಇದೇ. ಡಿಸ್ಕೆಂಬ ಹೆಸರಿನಡಿ ಆರು ವರ್ಷ ಬೆಲ್ಟು, ಟ್ರ್ಯಾಕ್ಷನ್, ವಿಶ್ರಾಂತಿಗಳಲ್ಲಿ ಕಳೆದವು. ಕೆಲಸ ಕೈಬಿಟ್ಟಿತು, ಗೊತ್ತಾಗಿದ್ದ ಮದುವೆಯೂ ಮುರಿಯಿತು. ಕೊನೆಗೊಮ್ಮೆ ಕಣ್ಣು ಕೆಂಪಾಗಿ ನೋಯತೊಡಗಿದಾಗ, ಕಣ್ಣಿನ ವೈದ್ಯೆಯೊಬ್ಬರು “ನಿನಗೆ ಬೆನ್ನು ನೋಯುತ್ತದೆಯೇನಪ್ಪ?” ಎಂದು ಕೇಳಿದರು. ಕಣ್ಣಿನ ನಡುಪದರದ ಉರಿಯೂತ ಈ ರೋಗದ ಒಡನಾಡಿ. ಆ ಒಂದು ಪ್ರಶ್ನೆಯಿಂದ ನಿಜ ಹೊರಬಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ನೆನಪಾಗುವುದು ಇಂತಹ ಕಡೆ. ನಡಿಗೆ, ವ್ಯಾಯಾಮಗಳೇ ಔಷಧದ ಸಮನಾಗಿರುವ ರೋಗಿಗೆ ತಿಂಗಳುಗಟ್ಟಲೆ ಹಾಸಿಗೆಯನ್ನು ವಿಧಿಸಿದಂತಾಗುತ್ತದೆ. ಡಿಸ್ಕಿನ ಶಸ್ತ್ರಚಿಕಿತ್ಸೆಯಿಂದ ಉರಿಯೂತ ಹೋಗುವುದಿಲ್ಲ. ಎರಡೂ ಒಬ್ಬರಲ್ಲೇ ಇರಬಹುದೆಂಬುದೂ ನಿಜ. ಆದ್ದರಿಂದಲೇ ಒಂದು ಕಂಡಿತೆಂದು ಇನ್ನೊಂದನ್ನು ಹುಡುಕದೆ ಬಿಡುವುದು ತರವಲ್ಲ. ಸಾಲುಗಟ್ಟಿ ನಿಂತ ರೋಗಿಗಳ ನಡುವೆ ವೈದ್ಯರಿಗೆ ಸಮಯ ಸಾಲದೆಂಬುದನ್ನು ಬಲ್ಲೆ. ಆದರೂ, ವಿಶ್ರಾಂತಿ ಪಡೆದರೆ ನೋವು ಹೆಚ್ಚುವುದೇ, ಕಡಿಮೆಯಾಗುವುದೇ ಎಂದು ಕೇಳಲು ಅರ್ಧ ನಿಮಿಷ ಸಾಕಲ್ಲವೇ?

ಇಂದು ಈ ರೋಗಕ್ಕೆ ಚಿಕಿತ್ಸೆಯಿದೆ. ಉರಿಯೂತ ತಗ್ಗಿಸುವ ಮಾತ್ರೆಗಳು ಮತ್ತು ವ್ಯಾಯಾಮ ಮೊದಲ ಹೆಜ್ಜೆ. ಅವು ಸಾಲದವರಿಗೆ 2003ರಿಂದೀಚೆಗೆ ಜೈವಿಕ ಔಷಧಗಳು ಒಂದೊಂದಾಗಿ ಬಂದಿವೆ. ಅವುಗಳಿಗೆ ಮುನ್ನ ಕ್ಷಯದ ತಪಾಸಣೆ ಅಗತ್ಯ. ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ ನೆರವಾಗುತ್ತದಾದರೂ ಅದೊಂದೇ ನಿರ್ಣಾಯಕವಲ್ಲ. ಆ ವಂಶವಾಹಿ ಇರುವ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲ.

ಆದುದರಿಂದ ನನ್ನ ವಿನಂತಿಯಿಷ್ಟೇ. ಮೇಲೆ ಹೇಳಿದ ನಡೆ ನಿಮ್ಮ ನೋವಿಗಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಸಂಧಿವಾತದ ತಜ್ಞರನ್ನು ಕಾಣಬೇಕೇ ಎಂದು ವಿನಯದಿಂದಲೇ ಕೇಳಿ. ಕಾಲು ಸೋತರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ಮಾತ್ರ ಚೀಟಿ ಬರೆಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಧಾವಿಸಿ. ತರಗತಿಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವರನ್ನು ನಾನು ಎಂದೂ ಗದರಿದವನಲ್ಲ. ಒಳ್ಳೆಯ ವೈದ್ಯರೂ ಗದರುವುದಿಲ್ಲ.