ಕಂಬದ ಮೇಲೋ, ನೆಲದ ಮೇಲೋ?

ನಾಸಿಕ ನಗರಕ್ಕೆ ವೇಗದ ಸಾರ್ವಜನಿಕ ವಾಹನವೊಂದು ಬರಲಿದೆಯೆಂಬ ಸುದ್ದಿಯನ್ನು ಕೇಳಿ ಕೇಳಿ ಜನರ ಕಿವಿ ದಣಿದಿದೆ. 2019ರಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟವು ‘ಮೆಟ್ರೋ ನಿಯೋ’ ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. 2021ರ ಫೆಬ್ರವರಿಯಲ್ಲಿ ಕೇಂದ್ರದ ಅರ್ಥಮಂತ್ರಿಗಳು ತಮ್ಮ ಮುಂಗಡಪತ್ರದಲ್ಲಿ 2,092 ಕೋಟಿ ರೂಪಾಯಿ ವೆಚ್ಚದ ಈ ಯೋಜನೆಗೆ ಕೇಂದ್ರದ ಪಾಲಿನ ನೆರವನ್ನು ಘೋಷಿಸಿದರು. ಗಂಗಾಪುರದಿಂದ ನಾಸಿಕ ರೋಡ್ ರೈಲು ನಿಲ್ದಾಣಕ್ಕೆ ಒಂದು, ಗಂಗಾಪುರದಿಂದ ಮುಂಬಯಿ ನಾಕೆಗೆ ಇನ್ನೊಂದು, ಹೀಗೆ ಎರಡು ಮಾರ್ಗಗಳು. ಎರಡೂ ಕಂಬಗಳ ಮೇಲೆ. ಓಡಬೇಕಾದದ್ದು ಹಳಿಯ ಮೇಲಿನ ರೈಲಲ್ಲ. ಮೇಲಿನ ತಂತಿಯಿಂದ ವಿದ್ಯುತ್ತನ್ನು ಪಡೆದು ರಬ್ಬರಿನ ಗಾಲಿಗಳ ಮೇಲೆ ಸಾಗುವ ಉದ್ದನೆಯ ಬಂಡಿ. ಆ ಘೋಷಣೆಯ ಬಳಿಕ ವರುಷಗಳು ಉರುಳಿದವು. 2025 ಮುಗಿಯುವ ಹೊತ್ತಿಗೂ ಒಂದು ಕಂಬವಾದರೂ ಏಳಲಿಲ್ಲ. 2027ರ ಸಿಂಹಸ್ಥ ಕುಂಭಮೇಳದ ಜನಸಾಗರವನ್ನು ನಗರವು ಹಳೆಯ ರಸ್ತೆಗಳಿಂದಲೇ ಎದುರುಗೊಳ್ಳಬೇಕಾಗಿದೆ.

ಕೆಲಸವು ಆರಂಭವಾಗದಿರುವುದರಿಂದಲೇ ಒಂದು ಮೂಲಪ್ರಶ್ನೆಯನ್ನು ಕೇಳಲು ಇನ್ನೂ ಅವಕಾಶವಿದೆ. ಇಂತಹ ವಾಹನವು ನಗರದ ರಸ್ತೆಯಲ್ಲಿ ನೆಲದ ಮೇಲೆಯೇ ಓಡಬೇಕೇ, ಇಲ್ಲವೆ ಕಂಬಗಳನ್ನೇರಿ ಓಡಬೇಕೇ? ಇದು ಇಂಜಿನಿಯರರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ನಾವು ತಿಳಿಯುವುದಿಲ್ಲ. ಬೆಳಕು ಹರಿಯುವ ಮುನ್ನ ಹೋಟೆಲಿನ ಒಲೆ ಹೊತ್ತಿಸಬೇಕಾದವರು, ರಾತ್ರಿ ಕೊನೆಯ ಮೇಜು ಒರೆಸಿ ಕೋಣೆಗೆ ಮರಳುವವರು, ಹತ್ತು ಗಂಟೆಗೆ ಸರಿಯಾಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಾದ ಗುಮಾಸ್ತರು, ಇವರ ದಿನದ ಲೆಕ್ಕವೇ ಇದರಲ್ಲಿ ಅಡಗಿದೆ.

ದಿಂಡೋರಿಯ ಉದಾಹರಣೆಯನ್ನೇ ನೋಡೋಣ. ನಾಸಿಕದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ, ದ್ರಾಕ್ಷಿಯ ತೋಟಗಳಿಗೆ ಹೆಸರಾದ ಈ ತಾಲೂಕು ಕೇಂದ್ರದ ಹತ್ತಿರಕ್ಕೂ ಮೇಲೆ ಹೇಳಿದ ಎರಡು ಮಾರ್ಗಗಳು ಸುಳಿಯುವುದಿಲ್ಲ. ಅಲ್ಲಿಂದ ಬರುವವನು ಎಸ್.ಟಿ. ಬಸ್ಸಿನಲ್ಲೋ ಹಂಚಿಕೆಯ ಜೀಪಿನಲ್ಲೋ ಮ್ಹಸರೂಳ, ಪಂಚವಟಿಗಳನ್ನು ಹಾಯ್ದು ನಗರಕ್ಕೆ ಬಂದು, ಅಲ್ಲಿ ವಾಹನ ಬದಲಿಸಲೇಬೇಕು. ಹೊಸ ಬಂಡಿಯು ನೆಲದ ಮೇಲಿದ್ದರೆ ಒಂದು ಹೆಜ್ಜೆ ಇಳಿದು ಇನ್ನೊಂದು ಹೆಜ್ಜೆ ಏರಿದರೆ ಸಾಕು. ಅದು ಕಂಬದ ಮೇಲಿದ್ದರೆ ರಸ್ತೆ ದಾಟಿ, ಮೆಟ್ಟಿಲೇರಿ, ತಪಾಸಣೆ ಮುಗಿಸಿ, ಮತ್ತೆ ಮೆಟ್ಟಿಲೇರಬೇಕು. ಎರಡು ಮೂರು ನಿಲ್ದಾಣಗಳಷ್ಟೇ ಪಯಣಿಸುವವನಿಗೆ ಬಂಡಿಯು ಉಳಿಸಿದ ನಿಮಿಷಗಳನ್ನು ಮೆಟ್ಟಿಲೇ ನುಂಗಿಬಿಡುತ್ತದೆ.

ಎತ್ತರದ ಮಾರ್ಗದ ಪರವಾದ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಂಬದ ಮೇಲೆ ನಾಲ್ಕು ರಸ್ತೆ ಕೂಡುವ ವೃತ್ತಗಳಿಲ್ಲ, ಕೆಂಪು ದೀಪವಿಲ್ಲ, ದಾರಿಗೆ ಅಡ್ಡ ನಿಲ್ಲುವ ಲಾರಿಯಿಲ್ಲ. ಬಂಡಿ ಹೇಳಿದ ಸಮಯಕ್ಕೆ ಬರುತ್ತದೆ. ದ್ವಾರಕಾ ವೃತ್ತದ ವಾಹನ ದಟ್ಟಣೆಯನ್ನು ಕಂಡವರಾರೂ ಅಲ್ಲಿ ನೆಲದ ಮಾರ್ಗ ಸುಗಮವಾದೀತೆಂದು ಹೇಳಲಾರರು. ಆದರೆ ಒಂದು ವೃತ್ತದ ಕಷ್ಟಕ್ಕಾಗಿ ಇಡೀ ಮಾರ್ಗವನ್ನು ಆಕಾಶಕ್ಕೇರಿಸುವುದು ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಯನ್ನು ನೆನಪಿಗೆ ತರುತ್ತದೆ. ಅಲ್ಲದೆ, ಕಂಬವೂ ನೆಲದ ಮೇಲೆಯೇ ನಿಲ್ಲಬೇಕು. ನಿಲ್ದಾಣದ ಮೆಟ್ಟಿಲೂ ಪಾದಚಾರಿಯ ದಾರಿಯ ಮೇಲೆಯೇ ಇಳಿಯಬೇಕು. ರಸ್ತೆಯ ಜಾಗ ಪೂರ್ತಿ ಉಳಿಯುತ್ತದೆಂಬುದು ಭ್ರಮೆ. ಸಣ್ಣ ನಗರಗಳಿಗೆಂದು ಕೇಂದ್ರ ಸರಕಾರವೇ 2019ರಲ್ಲಿ ‘ಮೆಟ್ರೋ ಲೈಟ್’ ಎಂಬ ಲಘು ರೈಲಿನ ನಿಯಮಗಳನ್ನು ರೂಪಿಸಿದಾಗ, ಬೇಲಿ ಹಾಕಿ ಪ್ರತ್ಯೇಕಿಸಿದ ನೆಲಮಟ್ಟದ ಹಳಿಯನ್ನೇ ಮುಖ್ಯವಾಗಿಟ್ಟು, ಅದು ಸಾಧ್ಯವಾಗದ ಕಡೆ ಮಾತ್ರ ಎತ್ತರದ ಮಾರ್ಗವಿರಲಿ ಎಂದಿತ್ತು.

ಎತ್ತರದಲ್ಲಿದ್ದ ಮಾತ್ರಕ್ಕೆ ಜನರು ಬಂದು ಹತ್ತುವರೆಂಬ ಭರವಸೆಯೂ ಇಲ್ಲ. ಮುಂಬಯಿಯ ಮೊನೊರೈಲು ಇದಕ್ಕೆ ಸಾಕ್ಷಿ. ಚೆಂಬೂರಿನಿಂದ ವಡಾಲಾವರೆಗೆ 2014ರಲ್ಲಿ ಆರಂಭವಾಗಿ, 2019ರಲ್ಲಿ ಜೇಕಬ್ ಸರ್ಕಲಿನವರೆಗೆ ಬೆಳೆದ ಈ ಮಾರ್ಗವು ಉದ್ದಕ್ಕೂ ಕಂಬದ ಮೇಲೆಯೇ ಸಾಗಿತು. ಆದರೆ ಬಂಡಿಗಳು ವಿರಳವಾದವು, ಪ್ರಯಾಣಿಕರೂ ವಿರಳವಾದರು. 2025ರ ಸೆಪ್ಟೆಂಬರಿನಲ್ಲಿ ಸುಧಾರಣೆಗೆಂದು ಓಡಾಟವನ್ನೇ ನಿಲ್ಲಿಸಲಾಯಿತು.

ಹಾಗೆಂದು ನೆಲದ ಮಾರ್ಗವು ತಾನಾಗಿ ಗೆಲ್ಲುವುದೆಂದೂ ನಾವು ಹೇಳೆವು. ದೆಹಲಿಯಲ್ಲಿ 2008ರಲ್ಲಿ ಬಸ್ಸಿಗೆಂದೇ ಮೀಸಲಿಟ್ಟ ಪಥವನ್ನು, ಕಾರಿನವರ ಕೂಗು ಮುಗಿಲು ಮುಟ್ಟಿದ ಮೇಲೆ, ಕೆಲವೇ ವರುಷಗಳಲ್ಲಿ ಕಿತ್ತುಹಾಕಲಾಯಿತು. ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳು ರಸ್ತೆಯ ನಡುವಿನ ಮೀಸಲು ಪಥದಲ್ಲಿ ಹೆಸರಿಗೆ ತಕ್ಕಂತೆ ಚಿಮ್ಮಿದವು. ಆದರೆ ಉಳಿದ ವಾಹನಗಳಿಗೆ ಜಾಗ ಸಾಲದೆಂಬ ದೂರು ಅಲ್ಲಿಯೂ ಎದ್ದಿತು. ಆ ಪಥವನ್ನು ಎಲ್ಲರಿಗೂ ತೆರೆಯಬೇಕೆಂಬ ಒತ್ತಾಯವೂ ಬಂದಿತು. ನೆಲದ ಮಾರ್ಗಕ್ಕೆ ಬೇಕಾದದ್ದು ಸಿಮೆಂಟಿಗಿಂತ ಹೆಚ್ಚಾಗಿ ಧೈರ್ಯ. ನೂರಾರು ಜನರನ್ನು ಹೊತ್ತ ಬಂಡಿಗೂ ಒಬ್ಬನನ್ನು ಹೊತ್ತ ಕಾರಿಗೂ ರಸ್ತೆಯಲ್ಲಿ ಸಮಾನ ಹಕ್ಕಿಲ್ಲವೆಂದು ಸರಕಾರವು ಒಮ್ಮೆ ಹೇಳಿದ ಮೇಲೆ ಹಿಂಜರಿಯಬಾರದು.

ನೆರೆಯ ಛತ್ರಪತಿ ಸಂಭಾಜಿನಗರವು ಬೇರೊಂದು ಪಾಠವನ್ನು ಕಲಿಸುತ್ತದೆ. ಅಲ್ಲಿಯ ಜಾಲನಾ ರಸ್ತೆಯಲ್ಲಿ ಕ್ರಾಂತಿ ಚೌಕ, ಮೊಂಢಾ ನಾಕೆ, ಸೆವೆನ್ ಹಿಲ್ಸ್, ಸಿಡ್ಕೋ ಎಂದು ಚೌಕಕ್ಕೊಂದರಂತೆ ಮೇಲ್ಸೇತುವೆಗಳೆದ್ದವು. ಬಳಿಕ 2022ರಲ್ಲಿ ವಾಳೂಜದಿಂದ ಶೇಂದ್ರಾವರೆಗೆ ಅಖಂಡ ಮೇಲ್ಸೇತುವೆಯನ್ನೂ ಅದರೊಡನೆ ಮೆಟ್ರೋವನ್ನೂ ಕಟ್ಟುವ ಆಲೋಚನೆ ಹೊರಟಿತು. ಮೊದಲು ಕಾರಿಗಾಗಿ ಬಿಡಿಬಿಡಿಯಾಗಿ ಕಟ್ಟಿ, ಆಮೇಲೆ ಜನರಿಗಾಗಿ ಜಾಗ ಹುಡುಕುವುದು ಗೋಡೆಯೆದ್ದ ಮೇಲೆ ಬಾಗಿಲನ್ನು ನೆನೆದಂತೆ. ನಾಸಿಕವು ಈ ದಾರಿಯನ್ನು ಹಿಡಿಯದಿರಲಿ.

ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ರಸ್ತೆಯು ಅಗಲವಾಗಿರುವೆಡೆ ಹೊಸ ಮಾರ್ಗವು ನೆಲದ ಮೇಲೆಯೇ, ಬೇಲಿಯ ಮರೆಯಲ್ಲಿ, ಬೇರೆ ವಾಹನಕ್ಕೆ ಪ್ರವೇಶವಿಲ್ಲದಂತೆ ಸಾಗಲಿ. ದ್ವಾರಕೆಯಂತಹ ವೃತ್ತಗಳಲ್ಲಿ, ಅಷ್ಟು ದೂರ ಮಾತ್ರ, ಅದನ್ನು ಮೇಲಕ್ಕೆತ್ತಲಿ. ರಬ್ಬರಿನ ಗಾಲಿಯ ಬಂಡಿಗೆ ಏರುವುದೂ ಇಳಿಯುವುದೂ ಕಷ್ಟವಲ್ಲ. ‘ನಿಯೋ’ ಯೋಜನೆಯೇ ಪೂರಕ ಮಾರ್ಗಗಳಲ್ಲಿ ಬಂಡಿಯನ್ನು ಬ್ಯಾಟರಿಯಿಂದ ಸಾಮಾನ್ಯ ರಸ್ತೆಯಲ್ಲಿ ಓಡಿಸುವ ಏರ್ಪಾಡನ್ನು ಹೇಳಿತ್ತು. ಹಾದಿಯುದ್ದಕ್ಕೂ ಕಂಬ ನಿಲ್ಲಿಸುವ ಖರ್ಚು ಉಳಿದರೆ ಅದೇ ಹಣದಲ್ಲಿ ಮಾರ್ಗವು ಇನ್ನಷ್ಟು ದೂರ ಸಾಗೀತು. ದಿಂಡೋರಿ ರಸ್ತೆಯ ಕಡೆಗೂ ಅದರ ಮುಖ ತಿರುಗೀತು.

ಇದರೊಡನೆ ಮೂರು ಮಾತುಗಳನ್ನು ಸೇರಿಸಬಯಸುತ್ತೇವೆ. ಮೊದಲ ಬಂಡಿ ಬೆಳಗಿನ ಪಾಳಿಗೆ ಮೊದಲು ಹೊರಡಲಿ. ಕೊನೆಯ ಬಂಡಿ ಹೋಟೆಲುಗಳು ಮುಚ್ಚಿದ ಮೇಲೆ ಹೊರಡಲಿ. 2021ರಿಂದ ಓಡುತ್ತಿರುವ ನಗರದ ‘ಸಿಟಿಲಿಂಕ್’ ಬಸ್ಸಿಗೂ ಈ ಬಂಡಿಗೂ ಒಂದೇ ಚೀಟಿ ನಡೆಯಲಿ. ಹೊರ ಊರಿನ ಎಸ್.ಟಿ. ಬಸ್ಸು ಅದೇ ಕಟ್ಟೆಯ ಪಕ್ಕದಲ್ಲಿ ನಿಲ್ಲಲಿ.

ಮಾರ್ಗದ ನಕ್ಷೆಗಳನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳುವ ದಿನ ಬಂದಾಗ, ನಮ್ಮ ಕನ್ನಡ ಬಂಧುಗಳು ‘ನಾವು ಹೊರಗಿನಿಂದ ಬಂದವರು, ನಮಗೇಕೆ’ ಎಂದು ಹಿಂದೆ ಸರಿಯದಿರಲಿ. ದುಡಿದು ತೆರಿಗೆ ತೆತ್ತು ಬಾಳುವ ಊರು ನಮ್ಮದೇ. ಜೊತೆಯಲ್ಲಿ ದುಡಿಯುವ ಮರಾಠಿ ಬಂಧುಗಳೊಂದಿಗೆ ಕೂಡಿ, ತಮ್ಮ ಪಾಳಿಯ ಸಮಯವನ್ನೂ ನಡೆಯಬೇಕಾದ ದೂರವನ್ನೂ ಬರೆದು ಕೊಡಲಿ. ಅಧಿಕಾರಿಗಳ ನಕ್ಷೆಯಲ್ಲಿ ಕಾಣದಿರುವುದು ಆ ಲೆಕ್ಕವೊಂದೇ.