ಎಂಬತ್ತರ ದಶಕದ ಧ್ವನಿಸುರುಳಿಗಳು ಮತ್ತು ಹೊರನಾಡಿನ ಕಿವಿ

ಕನ್ನಡ ಸುಗಮ ಸಂಗೀತದ ಚರಿತ್ರೆಯನ್ನು ಬರೆಯಹೊರಟವರು 1978ನೆಯ ಇಸವಿಯನ್ನು ಅಲಕ್ಷಿಸುವಂತಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಹೊರಬಂದದ್ದು ಆ ವರ್ಷ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಗ್ಗಳಿಕೆ ಅದರದು. ಅಲ್ಲಿಂದ ಮುಂದಿನ ಒಂದೂವರೆ ದಶಕದಲ್ಲಿ ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್ ಮೊದಲಾದವರು ಮಾಡಿದ ಕೆಲಸವನ್ನು ಕನ್ನಡ ಗಾಯನದ ಹೊಸ ಅಲೆ ಎಂದು ಕರೆದರೆ ತಪ್ಪಾಗದು. ಚಲನಚಿತ್ರದ ಹೊಸ ಅಲೆಯೊಡನೆ ಅದಕ್ಕೆ ನೇರವಾದ ನಂಟೂ ಇತ್ತು. ಮಾಸ್ತಿಯವರ ನಾಟಕವನ್ನಾಧರಿಸಿದ ‘ಕಾಕನಕೋಟೆ’ಯ (1977) ಮೂಲಕವೇ ಅಶ್ವಥ್ ಚಿತ್ರಸಂಗೀತಕ್ಕೆ ಬಂದರು. ವೃತ್ತಿಯಿಂದ ವಕೀಲರಾಗಿದ್ದ ಸುಬ್ಬಣ್ಣನವರಿಗೆ 1978ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಬಂದದ್ದು ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗೆ. ಆ ಕಾಲದ ಧ್ವನಿಸುರುಳಿಗಳನ್ನು ನಾವು ಮತ್ತೊಮ್ಮೆ, ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ ಕೇಳಬೇಕಾಗಿದೆ. ಈ ಅಗತ್ಯ ಬೆಂಗಳೂರಿನವರಿಗಿಂತ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮಗೇ ಹೆಚ್ಚು ಎಂಬುದು ನನ್ನ ವಾದ.

ಧ್ವನಿಸುರುಳಿಗೆ ಮೊದಲು ಭಾವಗೀತೆ ಇರಲಿಲ್ಲವೆಂದಲ್ಲ. ಪಿ. ಕಾಳಿಂಗರಾಯರು ಕವಿಗಳ ಸಾಲುಗಳನ್ನು ಜನರ ನಾಲಗೆಯ ಮೇಲೆ ನೆಲೆಗೊಳಿಸಿಯೇ 1981ರಲ್ಲಿ ಕಣ್ಮರೆಯಾದರು. ಆದರೆ ಗ್ರಾಮೊಫೋನ್ ಉಳ್ಳವರ ಮನೆಯ ವಸ್ತು. ಬಾನುಲಿಯ ಹಾಡು ಕೇಳಿದ ಕ್ಷಣಕ್ಕೆ ಮುಗಿದುಹೋಗುವಂಥದು. 1963ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ಕ್ಯಾಸೆಟ್ಟು ಎಂಬತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಅಗ್ಗವಾದಾಗ, ಹಾಡು ಕೈಚೀಲದಲ್ಲಿ ಪ್ರಯಾಣ ಮಾಡುವಂತಾಯಿತು. ರಜೆ ಮುಗಿಸಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದು ಕಲ್ಯಾಣದಲ್ಲಿ ಇಳಿಯುವವರ ಸಾಮಾನಿನಲ್ಲಿ ಉಪ್ಪಿನಕಾಯಿ ಭರಣಿಯ ಜೊತೆಗೆ ನಾಲ್ಕಾರು ಕ್ಯಾಸೆಟ್ಟುಗಳೂ ಇರುತ್ತಿದ್ದವು. ನಮ್ಮ ಕನ್ನಡ ಸಮಾಜ ಏಕರೂಪದ್ದಲ್ಲ. ಹೋಟೆಲು ಉದ್ಯಮದ ಬಂಧುಗಳ ಮನೆಮಾತು ಬಹುಮಟ್ಟಿಗೆ ತುಳು. ಬಿಜಾಪುರ, ಧಾರವಾಡ, ಕಲಬುರ್ಗಿಗಳ ಕಡೆಯವರ ಕನ್ನಡದ ಜಾಡೇ ಬೇರೆ. ಬ್ಯಾಂಕು, ರೈಲ್ವೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ವರ್ಗವಾಗಿ ಬಂದ ನನ್ನಂಥವರದು ಮತ್ತೊಂದು. ಈ ಮೂವರೂ ಒಂದೇ ಕವಿತೆಯನ್ನು ಒಂದೇ ಧಾಟಿಯಲ್ಲಿ ಗುನುಗುವಂತೆ ಮಾಡಿದ್ದು ಧ್ವನಿಸುರುಳಿ. ಸಂತ ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಹಳೆಯ ಮೈಸೂರು ಸೀಮೆಯ ಅಶ್ವಥ್ ಹಾಡಿ, ಕರಾವಳಿಯವರು ಅವನ್ನು ಮೆಚ್ಚಿ ಕಲಿತು, ಉತ್ತರ ಕರ್ನಾಟಕದವರಿಗೇ ಸಂಘದ ವೇದಿಕೆಯಲ್ಲಿ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. ಕರ್ನಾಟಕದ ಏಕೀಕರಣ 1956ರಲ್ಲಿ ಆಡಳಿತದ ಮಟ್ಟದಲ್ಲಿ ಆಯಿತು. ಕಿವಿಯ ಮಟ್ಟದ ಏಕೀಕರಣದಲ್ಲಿ ಈ ಕ್ಯಾಸೆಟ್ಟುಗಳ ಪಾತ್ರ ದೊಡ್ಡದು.

ಈಗ ಮತ್ತೆ ಕೇಳುವಾಗ ಇಬ್ಬರು ಪ್ರಮುಖ ಸಂಯೋಜಕರ ದಾರಿಗಳು ಎಷ್ಟು ಭಿನ್ನವೆಂಬುದು ಎದ್ದು ಕಾಣುತ್ತದೆ. ಅನಂತಸ್ವಾಮಿಯವರದು ಸಂಯಮದ ದಾರಿ. ರಾಗ ಪದದ ಹಿಂದೆ ಒಂದು ಹೆಜ್ಜೆ ನಿಂತು ನಡೆಯುತ್ತದೆ. ವಾದ್ಯ ಮಾತನ್ನು ಮುಚ್ಚುವುದಿಲ್ಲ. ರಾಜರತ್ನಂ ಅವರ ರತ್ನನ ಪದಗಳನ್ನು ಹಾಡುವಾಗಲೂ ಕುಡುಕನ ಮಾತಿನ ತೊದಲಿಗಿಂತ ಅದರೊಳಗಿನ ನೋವು ಅವರಿಗೆ ಮುಖ್ಯ. ಅಶ್ವಥ್ ಅವರದು ನಾಟಕಕಾರನ ದಾರಿ. ಹಿಂದೂಸ್ತಾನಿ ಶಿಕ್ಷಣ, ರಂಗಭೂಮಿಯ ಅನುಭವ, ತೆರೆದ ಕಂಠ ಇವು ಮೂರೂ ಸೇರಿ ಅವರ ಹಾಡು ಕವಿತೆಯನ್ನು ಅಭಿನಯಿಸುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಸಂಕಲನ ‘ಮೈಸೂರು ಮಲ್ಲಿಗೆ’ಯ ದಾಂಪತ್ಯಗೀತೆಗಳಿಗೆ ಧ್ವನಿ ಕೊಟ್ಟವರೇ ಶರೀಫರ ಪದಕ್ಕೆ ಗುಡುಗಿನ ದನಿಯನ್ನೂ ಕೊಟ್ಟರು. ಕೆಲವೆಡೆ ಈ ಆವೇಶ ಕವಿತೆಯ ಮೇಲೆ ಸವಾರಿ ಮಾಡುತ್ತದೆಂಬ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಆ ಆವೇಶವಿಲ್ಲದಿದ್ದರೆ ಕವಿತೆ ಪುಸ್ತಕದ ಕಪಾಟಿನಿಂದ ಹೊರಗೆ ಬರುತ್ತಿತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಈ ಎರಡು ದಾರಿಗಳ ಚರ್ಚೆ ನ್ಯಾಯಾಲಯದವರೆಗೂ ಹೋಯಿತೆಂಬುದು ಗಮನಾರ್ಹ. 2004ರಲ್ಲಿ ನಾಡಗೀತೆಯೆಂದು ಘೋಷಿತವಾದ ಕುವೆಂಪು ಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಕಾಲಮಿತಿಯನ್ನೂ ಕರ್ನಾಟಕ ಸರ್ಕಾರ 2022ರಲ್ಲಿ ನಿಗದಿಪಡಿಸಿತು. ಅಶ್ವಥ್ ಧಾಟಿಯ ಪರವಾಗಿ ಗಾಯಕರೊಬ್ಬರು ಸಲ್ಲಿಸಿದ್ದ ಅರ್ಜಿಯನ್ನು ಉಚ್ಚ ನ್ಯಾಯಾಲಯ 2024ರಲ್ಲಿ ವಜಾಮಾಡಿತು. ಒಂದು ಕವಿತೆಯನ್ನು ಹೇಗೆ ಹಾಡಬೇಕೆಂಬ ಪ್ರಶ್ನೆ ಒಂದು ನಾಡಿಗೆ ಇಷ್ಟು ಗಂಭೀರವಾಗಬಲ್ಲುದಾದರೆ, ಆ ಪ್ರಶ್ನೆಯನ್ನು ಹುಟ್ಟಿಸಿದ ಕಾಲವನ್ನು ನಾವು ಬರಿಯ ಹಳೆಯ ನೆನಪಿನ ಸರಕೆಂದು ಬದಿಗಿಡಲಾಗದು.

ಇನ್ನೊಂದು ಅಂಶವೂ ಇದೆ. ಬಂಡಾಯ ಸಾಹಿತ್ಯ ಸಂಘಟನೆ ರೂಪುಗೊಂಡದ್ದು 1979ರಲ್ಲಿ. ಕನ್ನಡ ಕಾವ್ಯ ನವ್ಯದ ಜಟಿಲತೆಯಿಂದ ಹೊರಳಿ ಬೀದಿಗೆ ಬರುತ್ತಿದ್ದ ಆ ಹೊತ್ತಿನಲ್ಲಿ ಧ್ವನಿಸುರುಳಿ ಹೆಚ್ಚಾಗಿ ನವೋದಯದ ಕಡೆಗೇ ಮುಖಮಾಡಿತು. ಅಡಿಗರ ‘ಭೂಮಿಗೀತ’ದಂಥ ಮುಕ್ತಛಂದದ ಕವಿತೆಗಳು ಹಾಡಿಗೆ ಒಗ್ಗಲಿಲ್ಲ. ಆದ್ದರಿಂದ ಕ್ಯಾಸೆಟ್ಟಿನ ಮೂಲಕವೇ ಕನ್ನಡ ಕಾವ್ಯವನ್ನು ಅರಿತ ಹೊರನಾಡಿನ ಮನೆಗಳಲ್ಲಿ ಕನ್ನಡ ಕಾವ್ಯವೆಂದರೆ ಹಾಡಬಲ್ಲ ಕಾವ್ಯ ಎಂಬ ಭಾವನೆ ಬೇರೂರಿತು. ಇದು ಆ ಸಂಯೋಜಕರ ದೋಷವಲ್ಲ. ಹಾಡಿನಿಂದ ಪುಸ್ತಕಕ್ಕೆ ಹೋಗುವ ಮೆಟ್ಟಿಲನ್ನು ಕಟ್ಟಬೇಕಾಗಿದ್ದುದು ಸಂಘಸಂಸ್ಥೆಗಳು.

ಆ ಮೆಟ್ಟಿಲಿನ ಕೊರತೆ ಇಂದು ಎಷ್ಟರಮಟ್ಟಿನದೆಂಬುದು ನಮ್ಮ ಭಾವಗೀತೆ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಾಗ ನನಗೆ ಮನವರಿಕೆಯಾಗಿದೆ. ಮಕ್ಕಳು ಶ್ರುತಿಬದ್ಧವಾಗಿ ಹಾಡುತ್ತಾರೆ. ಆದರೆ ಕೈಯಲ್ಲಿರುವ ಹಾಳೆ ದೇವನಾಗರಿಯಲ್ಲಿರುತ್ತದೆ, ಇಲ್ಲವೇ ರೋಮನ್ ಲಿಪಿಯಲ್ಲಿ. ಮರಾಠಿ ಕಲಿತ ಮಗುವಿಗೆ ಳಕಾರ ಸಲೀಸು, ಅದು ನಮ್ಮ ಭಾಗ್ಯ. ಆದರೆ ಮರಾಠಿಯ ಬಳಕೆಯ ಲಿಪಿಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಬೆಳೆ ಯಾವುದು ಬೇಳೆ ಯಾವುದು, ಒಲೆ ಯಾವುದು ಓಲೆ ಯಾವುದು ಎಂಬುದನ್ನು ಆ ಹಾಳೆ ಹೇಳಲಾರದು. ಅದನ್ನು ಹೇಳಬಲ್ಲುದು ಕಿವಿ ಮಾತ್ರ. ಮಾತ್ರೆ ತಪ್ಪದೆ ಹಾಡಿದ ಅನಂತಸ್ವಾಮಿ, ರತ್ನಮಾಲಾ ಅವರ ಉಚ್ಚಾರ ಈ ಮಕ್ಕಳಿಗೆ ವ್ಯಾಕರಣ ಪಾಠವೂ ಹೌದು. ಲಿಪಿ ಕಳೆದುಕೊಂಡ ಮೂರನೆಯ ತಲೆಮಾರಿಗೆ ಕನ್ನಡದ ಕಡೆಯ ಬಾಗಿಲು ಶ್ರವಣ. ಆ ಬಾಗಿಲೂ ಮುಚ್ಚಿದರೆ ಉಳಿಯುವುದು ಅಡ್ಡಹೆಸರು ಮತ್ತು ಅಡುಗೆ ಮಾತ್ರ.

ಎಲ್ಲ ಹಾಡುಗಳೂ ಈಗ ಮೊಬೈಲಿನಲ್ಲಿ ಸಿಗುತ್ತವಲ್ಲ ಎಂದು ಮಿತ್ರರು ಹೇಳುತ್ತಾರೆ. ಸಿಗುತ್ತವೆ, ನಿಜ. ಆದರೆ ಬಿಡಿಬಿಡಿಯಾಗಿ, ಎಷ್ಟೋ ಸಲ ಕವಿಯ ಹೆಸರೇ ಇಲ್ಲದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಎರಡು ಮಗ್ಗುಲು, ಒಂದೊಂದರಲ್ಲಿ ಅರ್ಧ ಗಂಟೆ. ಯಾವ ಕವಿತೆಯಾದ ಮೇಲೆ ಯಾವುದು ಎಂಬ ಕ್ರಮದಲ್ಲಿಯೇ ಒಂದು ಅರ್ಥವಿತ್ತು. ಮಗ್ಗುಲು ಮುಗಿಯುವವರೆಗೆ ಕೇಳುವಾಗ, ಹೆಸರುವಾಸಿಯಾಗದ ನಾಲ್ಕನೆಯ ಕವಿತೆಯೂ ಕಿವಿಗೆ ಬೀಳುತ್ತಿತ್ತು. ನಮ್ಮ ವೇದಿಕೆಗಳಲ್ಲಿ ಪ್ರತಿ ನವೆಂಬರಿನಲ್ಲಿ ಅವೇ ಹತ್ತು ಹನ್ನೆರಡು ಹಾಡುಗಳು ಮರುಕಳಿಸುವುದಕ್ಕೆ ಆ ನಾಲ್ಕನೆಯ ಕವಿತೆಯನ್ನು ಕೈಬಿಟ್ಟದ್ದೇ ಕಾರಣ. ನಮ್ಮ ನೆರೆಯ ಮರಾಠಿ ಬಂಧುಗಳನ್ನು ನೋಡಿ. ಗ.ದಿ. ಮಾಡಗೂಳಕರ ಮತ್ತು ಸುಧೀರ ಫಡಕೆಯವರ ‘ಗೀತ ರಾಮಾಯಣ’ 1955ರಲ್ಲಿ ಪುಣೆ ಆಕಾಶವಾಣಿಯಿಂದ ಪ್ರಸಾರವಾಗತೊಡಗಿತು. ಅದರ 56 ಗೀತೆಗಳನ್ನು ಅವರು ಇಂದಿಗೂ ಒಂದು ಕೃತಿಯೆಂದೇ ಭಾವಿಸುತ್ತಾರೆ. ಇಂಗ್ಲೆಂಡಿನ ಎಂಬತ್ತರ ದಶಕದ ಹೊಸ ಅಲೆಯ ವಾದ್ಯವೃಂದಗಳ ಆಲ್ಬಮ್ಮುಗಳೂ ಟಿಪ್ಪಣಿ ಸಮೇತ ಮತ್ತೆ ಮತ್ತೆ ಹೊರಬರುತ್ತಿವೆ. ನಮ್ಮ ಕವಿಗಳ ಧ್ವನಿಸುರುಳಿಗಳಿಗೂ ಆ ಗೌರವ ಸಲ್ಲಬೇಡವೇ?

ಆದ್ದರಿಂದ ಮೂರು ಸಲಹೆಗಳನ್ನು ಸಂಘಗಳ ಮುಂದಿಡುತ್ತೇನೆ. ಮೊದಲನೆಯದು, ಮನೆಗಳ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನು ಕವಚ ಸಮೇತ ಸಂಗ್ರಹಿಸಬೇಕು. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಕಾಂತಲೇಪ ಉದುರುತ್ತದೆ. ಇನ್ನು ಹತ್ತು ವರ್ಷ ತಡೆದರೆ ಎಷ್ಟು ಉಳಿದೀತು? ಎರಡನೆಯದು, ತಿಂಗಳಿಗೊಂದು ಧ್ವನಿಸುರುಳಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಗೋಷ್ಠಿ ನಡೆಯಬೇಕು. ಹಾಡಿನಲ್ಲಿ ಬಿಟ್ಟುಹೋದ ನುಡಿಗಳೂ ಸೇರಿದಂತೆ ಪೂರ್ಣ ಕವಿತೆ ಕನ್ನಡ ಲಿಪಿಯಲ್ಲಿ ಪ್ರತಿಯೊಬ್ಬರ ಕೈಯಲ್ಲಿರಬೇಕು. ಹಕ್ಕುಸ್ವಾಮ್ಯದ ಅಂಜಿಕೆ ಬೇಡ. ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷವಿರುವುದರಿಂದ 1978ರ ಮುದ್ರಣವನ್ನು 2038 ಮುಗಿಯುವವರೆಗೆ ನಾವು ಪ್ರಕಟಿಸುವಂತಿಲ್ಲ, ಮಾರುವಂತಿಲ್ಲ. ಆದರೆ ಲಾಭದ ಉದ್ದೇಶವಿಲ್ಲದ ಸಂಘವೊಂದು ತನ್ನ ಚಟುವಟಿಕೆಯ ಅಂಗವಾಗಿ ಅದನ್ನು ಕೇಳಿಸುವುದಕ್ಕೆ 1957ರ ಕಾಯಿದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಮೂರನೆಯದು, ಸ್ಪರ್ಧೆಯ ನಿಯಮ ಬದಲಾಗಬೇಕು. ಹಾಡುವ ಮಗು ಕವಿಯ ಹೆಸರನ್ನೂ ಒಂದು ನುಡಿಯ ಅರ್ಥವನ್ನೂ ಹೇಳಲಿ. ಅದಕ್ಕೆ ಅರ್ಧ ಅಂಕಗಳಿರಲಿ.

ಅನಂತಸ್ವಾಮಿ 1995ರಲ್ಲಿ, ಅಶ್ವಥ್ 2009ರಲ್ಲಿ, ನಿಸಾರ್ ಅಹಮದ್ 2020ರಲ್ಲಿ, ಸುಬ್ಬಣ್ಣ 2022ರಲ್ಲಿ ನಮ್ಮನ್ನಗಲಿದರು. ಅವರ ಹೆಸರಿನಲ್ಲಿ ಸ್ಮರಣ ಸಂಜೆಗಳನ್ನು ಏರ್ಪಡಿಸಿ ಹಾರ ಹಾಕುವುದು ಸುಲಭ. ಅವರು ಕವಿತೆಯನ್ನು ಓದಿದಷ್ಟು ಶ್ರದ್ಧೆಯಿಂದ ನಾವು ಅವರ ಹಾಡನ್ನು ಕೇಳುವುದು ಕಷ್ಟ. ಹೊರನಾಡಿನಲ್ಲಿ ಕನ್ನಡ ಇನ್ನೊಂದು ತಲೆಮಾರು ಬಾಳಬೇಕಾದರೆ ಆ ಕಷ್ಟದ ಕೆಲಸವನ್ನೇ ನಾವು ಕೈಗೆತ್ತಿಕೊಳ್ಳಬೇಕು.