ಕ್ಯಾಮರಾ ಯಾರ ಕಡೆಗೆ ತಿರುಗಬೇಕು?

ನಮ್ಮ ಮಸೀದಿ ಮತ್ತು ಮದ್ರಸ ಕಮಿಟಿಗಳ ವಾರ್ಷಿಕ ಲೆಕ್ಕಪತ್ರದಲ್ಲಿ ಹೊಸದೊಂದು ಬಾಬತ್ತು ಸೇರಿಕೊಂಡಿದೆ. ಚಾಪೆ, ಫ್ಯಾನು, ವುಝೂ ಕೊಳದ ದುರಸ್ತಿ, ಉಸ್ತಾದರ ವೇತನ ಇವುಗಳ ಸಾಲಿನಲ್ಲೇ ಈಗ ‘ಲೈವ್’ ಎಂಬ ಪದವೂ ಕಾಣಿಸುತ್ತದೆ. ಮೀಲಾದ್ ಸಭೆ, ಧಾರ್ಮಿಕ ಪ್ರವಚನ, ಮದ್ರಸದ ವಾರ್ಷಿಕೋತ್ಸವ, ಹಜ್ಜ್ ತರಬೇತಿ ಶಿಬಿರ, ಯಾವುದಿದ್ದರೂ ಮೂರೋ ನಾಲ್ಕೋ ಕ್ಯಾಮರಾಗಳು, ಅವುಗಳ ನಡುವೆ ಚಿತ್ರ ಬದಲಿಸುವ ಸ್ವಿಚರ್, ಒಂದು ಲ್ಯಾಪ್‌ಟಾಪ್ ಬೇಕೇ ಬೇಕು ಎಂಬುದು ಯುವಕರ ವಾದ. ಇದೆಲ್ಲ ದುಂದುಗಾರಿಕೆ, ಪ್ರದರ್ಶನದ ಹುಚ್ಚು ಎಂಬುದು ಹಿರಿಯರ ವಾದ. ಇಂತಹ ಸಭೆಗಳಲ್ಲಿ ಕುಳಿತೆದ್ದ ನಮಗೆ ಅನಿಸುವುದೇನೆಂದರೆ, ಇಬ್ಬರೂ ಕ್ಯಾಮರಾಗಳ ಸಂಖ್ಯೆಯನ್ನು ಹಿಡಿದು ಜಗಳವಾಡುತ್ತಿದ್ದಾರೆಯೇ ಹೊರತು ಆ ಕ್ಯಾಮರಾ ಯಾರಿಗಾಗಿ ಇದೆ, ಅದು ಯಾರ ಕಡೆಗೆ ತಿರುಗಿದೆ ಎಂದು ಯಾರೂ ಕೇಳುತ್ತಿಲ್ಲ.

ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಹಿರಿಯರಿದ್ದಾರೆ. ಹಸುಗೂಸನ್ನು ಬಿಟ್ಟು ಬರಲಾಗದ ತಾಯಂದಿರಿದ್ದಾರೆ. ಜುಬೈಲ್, ದಮ್ಮಾಮ್, ಶಾರ್ಜಾಗಳಲ್ಲಿ ದುಡಿಯುತ್ತಿರುವ ನಮ್ಮ ಊರಿನ ಮಕ್ಕಳಿದ್ದಾರೆ. ಇಶಾ ನಮಾಝಿನ ಬಳಿಕ ರಾತ್ರಿ ಒಂಬತ್ತಕ್ಕೆ ಇಲ್ಲಿ ಪ್ರವಚನ ಆರಂಭವಾದರೆ ಸೌದಿಯಲ್ಲಿ ಆಗ ಸಂಜೆ ಆರೂವರೆ. ಕೆಲಸ ಮುಗಿಸಿದ ಕಾರ್ಮಿಕ ಕಂಪೆನಿಯ ಬಸ್ಸಿನಲ್ಲಿ ತಲೆಯಾನಿಸಿ ಕುಳಿತಿರುವ ಹೊತ್ತು. ಯುಎಇಯಲ್ಲಿ ಏಳೂವರೆ, ಕೋಣೆಯಲ್ಲಿ ಅಡುಗೆಯ ಸರದಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ತನ್ನೂರಿನ ಉಸ್ತಾದರ ಮಾತನ್ನು ಆಲಿಸುವ ಆ ಯುವಕನಿಗೆ ವೇದಿಕೆಯ ಹೂವಿನ ಅಲಂಕಾರವನ್ನು ನಾಲ್ಕು ಕೋನಗಳಿಂದ ತೋರಿಸಬೇಕಾಗಿಲ್ಲ. ಅವನಿಗೆ ಮಾತು ಸ್ಪಷ್ಟವಾಗಿ ಕೇಳಬೇಕು.

ಆರಾಧನಾಲಯದ ಧ್ವನಿಯನ್ನು ದೂರದವರಿಗೆ ತಲುಪಿಸುವ ಕೆಲಸದಲ್ಲಿ ಚರ್ಚುಗಳಿಗೆ ನಮಗಿಂತ ದೀರ್ಘವಾದ ಅನುಭವವಿದೆ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕ್ಯಾಲ್ವರಿ ಎಪಿಸ್ಕೋಪಲ್ ಚರ್ಚಿನ ಪ್ರಾರ್ಥನೆಯನ್ನು ಕೆಡಿಕೆಎ ರೇಡಿಯೋ ಕೇಂದ್ರವು ಬಿತ್ತರಿಸಿತು. ಚರ್ಚಿನ ಆರಾಧನೆಯೊಂದು ರೇಡಿಯೋದಲ್ಲಿ ಪ್ರಸಾರವಾದದ್ದು ಅದೇ ಮೊದಲೆಂದು ಹೇಳಲಾಗುತ್ತದೆ. ಅಂದು ಯಂತ್ರಗಳನ್ನು ನೋಡಿಕೊಂಡ ತಂತ್ರಜ್ಞರಿಗೆ ಗಾಯಕವೃಂದದ ನಿಲುವಂಗಿ ತೊಡಿಸಲಾಗಿತ್ತಂತೆ, ಪ್ರಾರ್ಥನೆಗೆ ಬಂದವರ ಗಮನ ಅವರತ್ತ ಹರಿಯದಿರಲೆಂದು. ನೂರು ವರ್ಷ ಹಿಂದಿನ ಈ ಎಚ್ಚರಿಕೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಇಂದು ನಮ್ಮ ಸಭೆಗಳಲ್ಲಿ ಜೀನ್ಸ್ ತೊಟ್ಟ ಛಾಯಾಗ್ರಾಹಕನು ಪ್ರವಚನಕಾರರ ಮುಂದೆಯೇ ಬಗ್ಗಿ ಓಡಾಡುತ್ತಾನೆ. ಕುರ್‌ಆನ್ ಪಾರಾಯಣ ನಡೆಯುತ್ತಿರುವಾಗಲೇ ಟ್ರೈಪಾಡಿನ ಕಾಲುಗಳು ಕಟಕಟನೆ ಬಿಚ್ಚಿಕೊಳ್ಳುತ್ತವೆ. 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಕರಾವಳಿಯ ಚರ್ಚುಗಳು ಬಲಿಪೂಜೆಯನ್ನು ನೇರ ಪ್ರಸಾರ ಮಾಡಿದಂತೆ ನಮ್ಮ ಉಸ್ತಾದರೂ ಖಾಲಿ ಕೋಣೆಗಳಲ್ಲಿ ಕುಳಿತು ಮೊಬೈಲಿನ ಮುಂದೆ ದರ್ಸ್ ನಡೆಸಿದರು. ನಮ್ಮಲ್ಲಿ ಅನೇಕರಿಗೆ ಈ ವಿದ್ಯೆ ಕೈಹಿಡಿದದ್ದು ಆಗಲೇ. ರೋಗ ಹೋಯಿತು, ಕ್ಯಾಮರಾ ಉಳಿಯಿತು.

ಇನ್ನು ನಮ್ಮದೇ ಪರಂಪರೆಯತ್ತ ನೋಡೋಣ. ಪ್ರವಾದಿಯವರು(ಸ) ಅಂತಿಮ ಕಾಯಿಲೆಯ ಸಮಯದಲ್ಲಿ ಕುಳಿತುಕೊಂಡೇ ನಮಾಝಿಗೆ ನೇತೃತ್ವ ನೀಡಿದಾಗ ಅವರ ಕ್ಷೀಣ ಸ್ವರದ ತಕ್ಬೀರನ್ನು ಹಿಂದಿನವರಿಗೆ ಕೇಳಿಸಿದವರು ಅಬೂಬಕರ್ ಸಿದ್ದೀಕ್(ರ). ಅರಫಾ ಮೈದಾನದ ವಿದಾಯ ಭಾಷಣದಲ್ಲಿ ರಬೀಅ ಬಿನ್ ಉಮಯ್ಯ ಎಂಬವರು ಪ್ರವಾದಿಯವರ(ಸ) ಒಂದೊಂದು ಮಾತನ್ನೂ ಗಟ್ಟಿಯಾಗಿ ಕೂಗಿ ಜನಸ್ತೋಮಕ್ಕೆ ಮುಟ್ಟಿಸಿದರೆಂದು ಇಬ್ನು ಹಿಶಾಮರ ಸೀರಾ ಗ್ರಂಥ ದಾಖಲಿಸುತ್ತದೆ. ಧ್ವನಿಯನ್ನು ಮುಟ್ಟಿಸುವ ಈ ಸೇವೆಗೆ ಫಿಕ್ಹ್ ಗ್ರಂಥಗಳಲ್ಲಿ ಹೆಸರೇ ಇದೆ: ಮುಬಲ್ಲಿಗ್. ಕಾಣುವುದಕ್ಕೂ ಆಧಾರವಿದೆ. ಪ್ರವಾದಿಯವರು(ಸ) ಒಮ್ಮೆ ಮಿಂಬರಿನ ಮೇಲೆ ನಿಂತು ನಮಾಝ್ ನಿರ್ವಹಿಸಿ, ಸುಜೂದಿಗೆ ಮಾತ್ರ ಕೆಳಗಿಳಿದು, ಜನರು ನೋಡಿ ಕಲಿಯಲೆಂದು ಹಾಗೆ ಮಾಡಿದುದಾಗಿ ತಿಳಿಸಿದ ವರದಿ ಸಹೀಹುಲ್ ಬುಖಾರಿಯಲ್ಲಿದೆ. ಹೀಗೆ ಕೇಳಿಸಲು ಒಂದು ಕಾರಣ, ಕಾಣಿಸಲು ಇನ್ನೊಂದು ಕಾರಣ. ಈ ಎರಡು ಕಾರಣಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಯಾವ ಉಪಕರಣ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಧ್ವನಿಯ ವಿಚಾರ. ಮೂರು ಕ್ಯಾಮರಾ ತಂದ ಕಮಿಟಿಯೂ ಧ್ವನಿಯನ್ನು ಕ್ಯಾಮರಾದ ಪುಟ್ಟ ಮೈಕಿಗೆ ಒಪ್ಪಿಸಿಬಿಡುವುದನ್ನು ನಾವು ಕಂಡಿದ್ದೇವೆ. ಸಭಾಂಗಣದ ಹಿಂಬದಿಯಲ್ಲಿ ನಿಂತ ಆ ಮೈಕು ಪ್ರವಚನಕಾರರಿಂದ ಐವತ್ತು ಅಡಿ ದೂರದಲ್ಲಿರುತ್ತದೆ. ತಲೆಯ ಮೇಲಿನ ಫ್ಯಾನು, ಪಕ್ಕದವರ ಕೆಮ್ಮು, ಮಕ್ಕಳ ಪಿಸುಮಾತು ಇವೇ ಅದಕ್ಕೆ ಹತ್ತಿರ. ಟೈಲ್ಸ್ ನೆಲವೂ ಗುಮ್ಮಟವೂ ಸೇರಿ ಪ್ರತಿಯೊಂದು ಅಕ್ಷರವನ್ನು ಮೂರು ಬಾರಿ ಮರಳಿಸುತ್ತವೆ. ಫಲವಾಗಿ ‘ಹಾ’ ಯಾವುದು, ‘ಖಾ’ ಯಾವುದು ಎಂದು ಕೇಳುಗನಿಗೆ ತಿಳಿಯದು. ಅಕ್ಷರದ ಮಖ್ರಜನ್ನು ವರ್ಷಗಟ್ಟಲೆ ತಿದ್ದಿ ಕಲಿಸುವ ನಮ್ಮಂಥ ಮದ್ರಸ ಅಧ್ಯಾಪಕರಿಗೆ ಇದು ಸಹಿಸಲಾಗದ ಸಂಗತಿ. ಪರಿಹಾರ ಸುಲಭ: ಪ್ರವಚನಕಾರರ ಮೈಕು ಹೋಗುವ ಮಿಕ್ಸರಿನಿಂದಲೇ ಒಂದು ಪ್ರತ್ಯೇಕ ತಂತಿಯನ್ನು ತೆಗೆದು, ಸಣ್ಣದೊಂದು ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ಕೊಡುವುದು. ಗುಂಯ್ ಎಂಬ ಸದ್ದು ಬಂದರೆ ನಡುವೆ ಐಸೋಲೇಟರ್ ಹಾಕಬೇಕು. ಚಿತ್ರವು ಕ್ಯಾಮರಾ ಮತ್ತು ಸ್ವಿಚರ್ ದಾಟಿ ಬರುವಷ್ಟರಲ್ಲಿ ಧ್ವನಿ ಮುಂದೆ ಓಡಿರುವುದರಿಂದ, ಕ್ಯಾಮರಾದ ಎದುರು ಒಂದು ಚಪ್ಪಾಳೆ ತಟ್ಟಿ ನೋಡಿ, ಧ್ವನಿಯನ್ನು ಕೆಲವು ಮಿಲಿಸೆಕೆಂಡು ತಡೆದು ತುಟಿಗೆ ಹೊಂದಿಸಬೇಕು. ಉಚಿತವಾಗಿ ಸಿಗುವ ಓಬಿಎಸ್ ಸ್ಟುಡಿಯೋದಲ್ಲಿ ಈ ಸೌಲಭ್ಯವಿದೆ. ಕಾರ್ಯಕ್ರಮ ಮುಗಿಯುವವರೆಗೆ ಒಬ್ಬನು ಹೆಡ್‌ಫೋನ್ ಹಾಕಿಕೊಂಡು ಆಲಿಸುತ್ತಲೇ ಇರಬೇಕು. ನಮ್ಮ ಪ್ರಕಾರ ಇಡೀ ತಂಡದಲ್ಲಿ ಅತಿ ಮುಖ್ಯನಾದವನು ಅವನೇ, ಅವನೇ ಈ ಕಾಲದ ಮುಬಲ್ಲಿಗ್.

ಬಡ ಕೇಳುಗನ ಜೇಬನ್ನೂ ಮರೆಯಬಾರದು. ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಎರಡು ಗಂಟೆಯ ದೃಶ್ಯವನ್ನು ನೋಡಿದರೆ ಸುಮಾರು 2.7 ಜಿಬಿ ಡೇಟಾ ಕರಗುತ್ತದೆ. ಅದೇ ಪ್ರವಚನವನ್ನು 128 ಕಿಲೋಬಿಟ್ ಧ್ವನಿಯಾಗಿ ಮಾತ್ರ ಕಳುಹಿಸಿದರೆ ಸುಮಾರು 115 ಎಂಬಿ ಸಾಕು. ದೃಶ್ಯದ ಜೊತೆಗೆ ಧ್ವನಿಯ ಪ್ರತಿಯೊಂದನ್ನೂ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕಮಿಟಿಗಳು ಎಷ್ಟಿವೆ?

ಕ್ಯಾಮರಾಗಳ ವಿಚಾರಕ್ಕೆ ಬಂದರೆ, ಸಾಮಾನ್ಯ ಪ್ರವಚನಕ್ಕೆ ಒಂದು ಸಾಕು, ಎರಡಿದ್ದರೆ ಹೆಚ್ಚಾಯಿತು. ಒಂದು ಹಿಂಬದಿಯಲ್ಲಿ ಎತ್ತರದಲ್ಲಿ ನಿಂತು ಸಭೆಯನ್ನು ಬೆನ್ನ ಕಡೆಯಿಂದ ಕಾಣಲಿ. ಇನ್ನೊಂದು ಪ್ರವಚನಕಾರರ ಮುಖವನ್ನು ಕಾಣಲಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ಕೈಕೊಡುವ ಸಾಧ್ಯತೆ ಹೆಚ್ಚು. ದೂರವಿದ್ದರೆ ಎಸ್‌ಡಿಐ ಕೇಬಲ್ ಎಳೆಯುವುದೇ ಕ್ಷೇಮ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಆದುದರಿಂದ ಶಟರನ್ನು 1/50ಕ್ಕೆ ನಿಲ್ಲಿಸಿದರೆ ದೀಪಗಳು ಮಿಣುಕುವ ಕಾಟ ಕಡಿಮೆಯಾಗುತ್ತದೆ. ಎರಡೂ ಕ್ಯಾಮರಾಗಳ ಬಣ್ಣದ ಹೊಂದಾಣಿಕೆಯನ್ನು ಕೈಯಾರೆ ಒಂದೇ ಮಾಡಿರಬೇಕು, ಇಲ್ಲವಾದರೆ ಉಸ್ತಾದರ ಬಿಳಿ ಪೇಟ ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಖಚಿತವೆಂದೇ ತಿಳಿದು ರೌಟರ್, ಮಿಕ್ಸರ್, ಲ್ಯಾಪ್‌ಟಾಪ್ ಮೂರನ್ನೂ ಯುಪಿಎಸ್‌ಗೆ ಸೇರಿಸಿರಬೇಕು. ಲ್ಯಾಪ್‌ಟಾಪಿಗೆ ಮಾತ್ರ ಬ್ಯಾಟರಿಯಿದ್ದು ರೌಟರ್ ಆರಿಹೋದರೆ ಪ್ರಯೋಜನವೇನು?

ಒಂದಕ್ಕಿಂತ ಹೆಚ್ಚು ಕ್ಯಾಮರಾ ನಿಜಕ್ಕೂ ಬೇಕಾಗುವುದು ಕಲಿಕೆಯಿರುವಲ್ಲಿ. ಹಜ್ಜ್ ಶಿಬಿರದಲ್ಲಿ ಇಹ್ರಾಮ್ ಉಡುವ ಕ್ರಮ, ಮಯ್ಯಿತ್ ಪರಿಪಾಲನೆಯ ತರಗತಿಯಲ್ಲಿ ಕಫನ್ ಬಟ್ಟೆಗಳನ್ನು ಒಂದರ ಮೇಲೊಂದು ಹಾಸುವ ಕ್ರಮ, ತಜ್ವೀದ್ ಪಾಠದಲ್ಲಿ ಮುಸ್‌ಹಫಿನ ಸಾಲಿನ ಮೇಲೆ ಚಲಿಸುವ ಬೆರಳು, ಇವೆಲ್ಲವನ್ನು ಮೇಲಿನಿಂದ ಕೆಳಮುಖವಾಗಿ ತೋರಿಸುವ ಕ್ಯಾಮರಾ ಇಲ್ಲದೆ ಕಲಿಸಲಾಗದು. ಸಭಾಂಗಣದ ಮೂರನೇ ಸಾಲಿನಲ್ಲಿ ಕುಳಿತವನಿಗೂ ಕಾಣದ ಸಂಗತಿ ಮನೆಯಲ್ಲಿರುವ ತಾಯಿಗೆ ಕಾಣುತ್ತದೆ. ಮಿಂಬರಿನ ಮೇಲೆ ನಮಾಝ್ ತೋರಿಸಿಕೊಟ್ಟ ಆ ಸುನ್ನತ್ತಿಗೆ ಇದು ಹತ್ತಿರವಾದ ಕೆಲಸವೆಂದು ನಾವು ಭಾವಿಸುತ್ತೇವೆ. ಇದಕ್ಕೆ ಹಣ ಸುರಿಯುವುದರಲ್ಲಿ ತಪ್ಪಿಲ್ಲ.

ನಮ್ಮ ತಕರಾರಿರುವುದು ವೇದಿಕೆಯ ಪಕ್ಕದಲ್ಲಿ ನಿಂತು ಸಭಿಕರ ಮುಖದತ್ತ ತಿರುಗುವ ಆ ಮತ್ತೊಂದು ಕ್ಯಾಮರಾದ ಬಗ್ಗೆ. ದುಆ ಆರಂಭವಾಗುತ್ತದೆ. ದೀಪಗಳು ಮಂದವಾಗುತ್ತವೆ. ಜನರು ಕೈಯೆತ್ತುತ್ತಾರೆ. ಸಾಲದಲ್ಲಿ ಮುಳುಗಿದವನು, ಮಗನ ನಡತೆಯಿಂದ ನೊಂದವನು, ಯಾರಿಗೂ ಹೇಳದ ಪಾಪವನ್ನು ಎದೆಯಲ್ಲಿ ಹೊತ್ತವನು ಅಲ್ಲಿ ತನ್ನ ರಬ್ಬಿನ ಮುಂದೆ ಅಳುತ್ತಾನೆ. ಆಗಲೇ ಸ್ವಿಚರಿನ ಮುಂದೆ ಕುಳಿತ ಯುವಕನು ಗುಂಡಿಯೊತ್ತುತ್ತಾನೆ. ಅಳುವ ಮುಖವು ಪರದೆಯನ್ನು ತುಂಬುತ್ತದೆ. ಅಂತಹ ಒಂದು ದೃಶ್ಯದ ತುಣುಕು ನಶೀದ್ ಸಂಗೀತದೊಂದಿಗೆ ಊರೆಲ್ಲ ಹರಿದಾಡಿದ ಮೇಲೆ, ‘ಏನಾಗಿತ್ತಪ್ಪ ನಿನಗೆ?’ ಎಂದು ಸಿಕ್ಕಸಿಕ್ಕವರೆಲ್ಲ ಕೇಳತೊಡಗಿದ್ದರಿಂದ ಆ ವ್ಯಕ್ತಿಯು ಮುಂದಿನ ಸಭೆಗೆ ಬರುವುದನ್ನೇ ನಿಲ್ಲಿಸಿದುದು ನಮಗೆ ತಿಳಿದಿದೆ. ದಾಸ ಮತ್ತು ಅಲ್ಲಾಹನ ನಡುವಿನ ಆ ಗಳಿಗೆಯನ್ನು ಮೂರನೆಯವರ ಕಣ್ಣಿಗೆ ಇಡುವ ಹಕ್ಕನ್ನು ಯಾವ ಕಮಿಟಿಗೂ ಯಾರೂ ಕೊಟ್ಟಿಲ್ಲ. ಇನ್ನೊಂದು ಅಪಾಯವೂ ಇದೆ. ಕ್ಯಾಮರಾ ತನ್ನತ್ತ ತಿರುಗಿದೆಯೆಂದು ಅರಿತವನ ಕಣ್ಣೀರು ಮುಂದೆ ಯಾರಿಗಾಗಿ ಹರಿಯುತ್ತದೆ? ಕಾಣಿಸಿಕೊಳ್ಳಲೆಂದು ಆರಾಧಿಸುವವರ ಕುರಿತು ಸೂರಃ ಅಲ್ ಮಾಊನ್ ನೀಡುವ ಎಚ್ಚರಿಕೆಯನ್ನು ಮದ್ರಸದ ಪುಟ್ಟ ಮಕ್ಕಳೂ ಬಾಯಿಪಾಠ ಮಾಡಿರುತ್ತಾರೆ.

ದಾನ ವಿತರಣೆಯ ದೃಶ್ಯಗಳು ಇದಕ್ಕಿಂತ ನೋವಿನವು. ರಮಝಾನಿನ ಕಿಟ್, ಹೊಲಿಗೆ ಯಂತ್ರ, ಬಡ ಹೆಣ್ಣುಮಗಳ ಮದುವೆಯ ನೆರವು, ಎಲ್ಲವೂ ವೇದಿಕೆಯ ಮೇಲೆ, ಎಲ್ಲವೂ ಲೈವ್. ಪಡೆಯುವವಳು ತಲೆತಗ್ಗಿಸಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಕೊಡುವವರು ಕ್ಯಾಮರಾದತ್ತ ನೋಡುತ್ತಾರೆ. ಬಡವರಿಗೆ ಗುಟ್ಟಾಗಿ ನೀಡುವುದು ಉತ್ತಮವೆಂಬ ಬೋಧನೆಯೂ, ತೋರಿಕೆಯಿಂದ ದಾನ ವ್ಯರ್ಥವಾಗುತ್ತದೆಂಬ ಎಚ್ಚರಿಕೆಯೂ ಸೂರಃ ಅಲ್ ಬಕರಃದಲ್ಲಿವೆ. ದಾನಿಗಳಿಗೆ ಲೆಕ್ಕ ಕೊಡಬೇಕಲ್ಲ ಎಂಬ ಸಮಜಾಯಿಷಿಯನ್ನು ನಾವು ಬಲ್ಲೆವು. ಲೆಕ್ಕವನ್ನು ಪುಸ್ತಕದಲ್ಲಿ ಕೊಡಿ, ಆಕೆಯ ಮುಖದಲ್ಲಿ ಬೇಡ.

ಪುಟ್ಟ ಮಕ್ಕಳ ವಿಷಯದಲ್ಲೂ ಎಚ್ಚರ ಬೇಕು. ವೇದಿಕೆಯಲ್ಲಿ ಸೂರಃ ಮರೆತು ತಬ್ಬಿಬ್ಬಾಗಿ ನಿಂತ ಎಂಟು ವರ್ಷದ ಹುಡುಗನನ್ನು ಸಭೆಯು ನಸುನಕ್ಕು ಮರೆಯುತ್ತದೆ, ಯೂಟ್ಯೂಬ್ ಮರೆಯುವುದಿಲ್ಲ. ಕಾರ್ಯಕ್ರಮದ ಮರುದಿನವೇ ಅಂತಹ ಭಾಗಗಳನ್ನು ಕತ್ತರಿಸಿ ತೆಗೆಯುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೆ ವಹಿಸಬೇಕು. ಮದ್ರಸ ಮಕ್ಕಳ ಕಾರ್ಯಕ್ರಮವನ್ನು ಅನ್‌ಲಿಸ್ಟೆಡ್ ಆಗಿಟ್ಟು ಕೊಂಡಿಯನ್ನು ಪೋಷಕರಿಗೆ ಮಾತ್ರ ಕಳುಹಿಸಿದರೆ ಗಂಟೇನೂ ಹೋಗದು. ಹಾಗೆಯೇ ಚಾನೆಲ್ಲಿನ ಖಾತೆ ಯಾರ ಹೆಸರಿನಲ್ಲಿದೆ ಎಂದು ಕಮಿಟಿಗಳು ಇಂದೇ ವಿಚಾರಿಸಲಿ. ಉತ್ಸಾಹಿ ಯುವಕನೊಬ್ಬನ ಸ್ವಂತ ಜಿಮೇಲಿನಲ್ಲಿ ತೆರೆದ ಖಾತೆ, ಅವನು ವಿದೇಶಕ್ಕೆ ಹೋದ ದಿನ ಪಾಸ್‌ವರ್ಡ್ ಸಮೇತ ವಿಮಾನವೇರುತ್ತದೆ.

ವೀಕ್ಷಕರ ಸಂಖ್ಯೆ ಇಳಿಯುತ್ತದೆ, ಒಂದೇ ಮುಖವನ್ನು ಒಂದು ಗಂಟೆ ಯಾರು ನೋಡುತ್ತಾರೆ ಎಂದು ಯುವಕರು ಕೇಳುವುದುಂಟು. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ನಿಶ್ಚಲ ಚಿತ್ರ ಕಣ್ಣಿಗೆ ದಣಿವು ತರುತ್ತದೆ. ಉಸ್ತಾದರು ಆಯತ್ ಉಲ್ಲೇಖಿಸುವಾಗ ಅದರ ಅರಬಿ ಪಠ್ಯವನ್ನೂ ಕನ್ನಡ ಭಾವಾರ್ಥವನ್ನೂ ಪರದೆಯ ಮೇಲೆ ಮೂಡಿಸಿ. ಕಿವಿ ಕೇಳದ ಹಿರಿಯರಿಗೂ ಅದರಿಂದ ಉಪಕಾರ. ಪಠ್ಯವನ್ನು ಮೊದಲೇ ಉಸ್ತಾದರಿಂದ ಪಡೆದು ತಪ್ಪಿಲ್ಲದಂತೆ ಸಿದ್ಧಪಡಿಸಬೇಕು ಎಂಬುದಷ್ಟೇ ಅದರ ಕಷ್ಟ. ಮುಖ ಬದಲಿಸುವುದಕ್ಕಿಂತ ಇದು ಹೆಚ್ಚು ಶ್ರಮ ಬೇಡುವುದರಿಂದಲೇ ಯಾರೂ ಮಾಡುವುದಿಲ್ಲವೋ ಏನೋ.

ಪ್ರಸಾರ ನೋಡುತ್ತಾ ಮನೆಯಲ್ಲೇ ಇಮಾಮರನ್ನು ಅನುಸರಿಸಿ ನಮಾಝ್ ಮಾಡಬಹುದೇ ಎಂದು ಕೆಲವರು ನಮ್ಮಲ್ಲಿ ಕೇಳುತ್ತಾರೆ. ಶಾಫಿಈ ಇರಲಿ, ಹನಫಿ ಇರಲಿ, ನಮ್ಮ ಫಿಕ್ಹ್ ಗ್ರಂಥಗಳು ಇಮಾಮ್ ಮತ್ತು ಅನುಯಾಯಿಯ ನಡುವೆ ಸ್ಥಳದ ಸಂಬಂಧವನ್ನು ಶರತ್ತಾಗಿ ಇಟ್ಟಿವೆ. ಪರದೆಯು ಆ ಸಂಬಂಧವಾಗದು. ಅದೂ ಅಲ್ಲದೆ ನೇರ ಪ್ರಸಾರವೆಂಬುದು ಹಲವು ಸೆಕೆಂಡುಗಳಷ್ಟು ಹಿಂದಿರುತ್ತದೆ. ನೀವು ರುಕೂಅಿಗೆ ಬಾಗುವಷ್ಟರಲ್ಲಿ ಇಮಾಮರು ಸುಜೂದಿನಲ್ಲಿರುತ್ತಾರೆ. ಕೇಳಿ, ಕಲಿಯಿರಿ, ನಮಾಝಿಗೆ ನಿಮ್ಮ ಮೊಹಲ್ಲಾದ ಮಸೀದಿಗೇ ಹೋಗಿ.

ಕೊನೆಗೆ, ಮುಂದಿನ ಸಭೆಗೆ ಹಣ ತೆಗೆದಿರಿಸುತ್ತಿರುವ ಕಮಿಟಿಗಳಿಗೆ ನಮ್ಮದೊಂದು ವಿನಂತಿ ಇದೆ. ನಮ್ಮ ಹೆಚ್ಚಿನ ಕಾರ್ಯಕ್ರಮಗಳಲ್ಲಿ ಸ್ತ್ರೀಯರು ಮೇಲಿನ ಮಹಡಿಯಲ್ಲೋ ಪಕ್ಕದ ಮದ್ರಸ ಕೊಠಡಿಯಲ್ಲೋ ಕುಳಿತಿರುತ್ತಾರೆ. ಪ್ರವಚನವು ಶಾರ್ಜಾಕ್ಕೆ ಸ್ಪಷ್ಟವಾಗಿ ತಲುಪುತ್ತಿರುವಾಗ ಗೋಡೆಯಾಚೆಯ ಅವರಿಗೆ ಹಳೆಯ ಹಾರ್ನ್ ಸ್ಪೀಕರಿನ ಕರ್ಕಶ ಸದ್ದಷ್ಟೇ ಸಿಗುತ್ತದೆ. ಹಲವರು ಅಲ್ಲೇ ಕುಳಿತು ತಮ್ಮ ಮೊಬೈಲಿನಲ್ಲಿ ಲೈವ್ ತೆರೆದು ಕೇಳುವುದನ್ನು ನಮ್ಮ ಮನೆಯವರೇ ಹೇಳಿದ್ದಾರೆ. ಸ್ವಿಚರಿನಿಂದ ಹೊರಡುವ ಚಿತ್ರವನ್ನು ಒಂದು ಕೇಬಲಿನಲ್ಲಿ ಆ ಕೊಠಡಿಯ ಟಿವಿಗೂ, ಮಿಕ್ಸರಿನ ಧ್ವನಿಯನ್ನು ಅಲ್ಲೊಂದು ಒಳ್ಳೆಯ ಸ್ಪೀಕರಿಗೂ ಮುಟ್ಟಿಸಲು ಇಂಟರ್ನೆಟ್ ಕೂಡ ಬೇಡ. ಮೂರನೇ ಕ್ಯಾಮರಾದ ಬಾಡಿಗೆಯನ್ನು ಈ ಬಾರಿ ಆ ಕೇಬಲಿಗೆ ಬಳಸಿರಿ.